ಅಕ್ಕಿಗೆಂದು ಕೊಟ್ಟ ವಿಳಾಸ

(ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮ ಸಂಘದ ಪೆಟ್ಟಿಗೆಯಿಂದಲೇ ಮಾತು ಶುರು ಮಾಡುತ್ತೇನೆ. ಅದರೊಳಗೆ ಏನಿರುತ್ತದೆ? ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ಉಳಿತಾಯದ ಲೆಕ್ಕ, ಸಾಲದ ಲೆಡ್ಜರ್, ಬ್ಯಾಂಕಿನ ಪಾಸ್ ಪುಸ್ತಕ. ಹೊರಗಿನವರಿಗೆ ಅವು ಬರೀ ಅಂಕಿಗಳು. ನಮಗೆ ಹಾಗಲ್ಲ. ಯಾರು ಮಗಳ ಬಾಣಂತನಕ್ಕೆ ಸಾಲ ತೆಗೆದರು, ಯಾರು ಮನೆಯಲ್ಲಿ ಯಾರಿಗೂ ತಿಳಿಯದಂತೆ ಅಡವಿಟ್ಟ ಓಲೆ ಬಿಡಿಸಿಕೊಂಡರು, ಯಾರ ಕಂತು ಗಂಡನ ಕುಡಿತದಿಂದ ತಪ್ಪಿತು, ಎಲ್ಲವೂ ಆ ಲೆಡ್ಜರಿನಲ್ಲಿದೆ.

ಈಗ ಒಬ್ಬ ಸದಸ್ಯೆಯ ಗಂಡ ಬಂದು, 'ನನ್ನ ಹೆಂಡತಿ ಎಷ್ಟು ಉಳಿಸಿದ್ದಾಳೆ, ಪುಸ್ತಕ ತೆಗೆಯಿರಿ' ಎಂದರೆ ನೀವು ತೋರಿಸುತ್ತೀರಾ? ತೋರಿಸುವುದಿಲ್ಲ. ಸಾಲ ಕೊಟ್ಟ ಬ್ಯಾಂಕಿನವರು ಕೇಳಿದರೆ ತೋರಿಸುತ್ತೀರಿ. ಒಕ್ಕೂಟದವರು ವರ್ಷದ ಲೆಕ್ಕ ತಪಾಸಣೆಗೆ ಕೇಳಿದರೆ ತೋರಿಸುತ್ತೀರಿ. ಅವರಿಗೂ ಬೇಕಾದಷ್ಟು ಪುಟ ಮಾತ್ರ, ಇಬ್ಬರು ಪ್ರತಿನಿಧಿಗಳು ಜೊತೆಗಿದ್ದಾಗ ಮಾತ್ರ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಎಂಬ ಮೂರು ಪ್ರಶ್ನೆ ಕೇಳದೆ ನಮ್ಮ ಪುಸ್ತಕ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಈ ನಿಯಮವನ್ನು ಯಾವ ಪಂಡಿತರೂ ನಮಗೆ ಹೇಳಿಕೊಡಲಿಲ್ಲ. ಪೆಟ್ಟು ತಿಂದು ಕಲಿತೆವು.

ಇವತ್ತು ನಾನು ಮಾತಾಡಬೇಕೆಂದಿರುವುದು ಸರ್ಕಾರದ ಪೆಟ್ಟಿಗೆಯ ಬಗ್ಗೆ. ನಾವು ಒಂದು ಇಲಾಖೆಗೆ ಕೊಟ್ಟ ವಿವರ ಇನ್ನೊಂದು ಇಲಾಖೆಗೆ ಹೇಗೆ ಹೋಗುತ್ತದೆ, ಯಾವ ನಿಯಮದ ಮೇಲೆ ಹೋಗುತ್ತದೆ, ನಡುವೆ ಯಾರ ಕೈ ತಾಗುತ್ತದೆ ಎಂಬ ಬಗ್ಗೆ. 'ಇದು ಕಂಪ್ಯೂಟರಿನವರ ವಿಷಯ, ವರದಕ್ಷಿಣೆ, ಹೊಡೆತ ಬಡಿತದ ವಿರುದ್ಧ ಕೆಲಸ ಮಾಡುವ ನಮಗೇಕೆ?' ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು, 2018ರವರೆಗೆ.

ಆ ವರ್ಷ ನಾನು ಗಂಡನ ಮನೆ ಬಿಟ್ಟೆ. ಮದುವೆಯಲ್ಲಿ ಮಾತಾದ ಹಣದಲ್ಲಿ ಉಳಿದ ಬಾಕಿಯ ನೆಪದಲ್ಲಿ ಶುರುವಾದ ಹೊಡೆತ ಹನ್ನೊಂದು ವರ್ಷ ನಡೆದಿತ್ತು. ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಪಕ್ಕದ ಜಿಲ್ಲೆಯ ಒಂದು ಊರಿಗೆ ಬಂದೆ. ತವರಿಗೆ ಹೋಗಲಿಲ್ಲ. ಅವನು ಮೊದಲು ಹುಡುಕುವುದೇ ತವರಿನಲ್ಲಿ. ಗಾರ್ಮೆಂಟ್ ಕೆಲಸ ಸಿಕ್ಕಿತು, ಒಂದು ಕೋಣೆಯ ಬಾಡಿಗೆ ಮನೆಯೂ ಸಿಕ್ಕಿತು. ಮಗಳನ್ನು ಶಾಲೆಗೆ ಸೇರಿಸಿದೆ. ಎಲ್ಲಿದ್ದೇವೆಂದು ನನ್ನ ಅಣ್ಣನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ.

ಅಕ್ಕಿ ಬೇಕಿತ್ತು. ನನ್ನ ಹೆಸರೂ ಮಗಳ ಹೆಸರೂ ಅತ್ತೆ ಯಜಮಾನಿಯಾಗಿದ್ದ ಪಡಿತರ ಚೀಟಿಯಲ್ಲಿದ್ದವು. ಅಲ್ಲಿಂದ ಕಡಿಸದೆ ಹೊಸ ಚೀಟಿ ಸಿಗುವುದಿಲ್ಲ. ಅರ್ಜಿ ಹಾಕಿದೆ. ಹೊಸ ವಿಳಾಸ ಬರೆದೆ, ಬಾಡಿಗೆ ಕರಾರಿನ ಪ್ರತಿ ಕೊಟ್ಟೆ. ಆದರೆ ಹಳೆಯ ಚೀಟಿಯ ಜೊತೆ ಸೇರಿಸಿದ್ದ ಮೊಬೈಲ್ ನಂಬರು ನನ್ನದಾಗಿರಲಿಲ್ಲ, ಗಂಡನದು. ಅವನ ಮೊಬೈಲಿಗೆ ಸಂದೇಶ ಹೋಯಿತು. ಅದನ್ನು ಹಿಡಿದುಕೊಂಡು ಅವನು ಒಂದು ಕಚೇರಿಗೆ ಹೋದ. 'ಹೆಂಡತಿ ಮಗು ಕಾಣುತ್ತಿಲ್ಲ, ಎಲ್ಲಿದ್ದಾರೆ ನೋಡಿ' ಎಂದ. ಅಲ್ಲಿ ಕೂತಿದ್ದವರು ಕಂಪ್ಯೂಟರ್ ನೋಡಿ ವಿಳಾಸ ಓದಿ ಹೇಳಿದರು.

ಒಂದು ವಾರದೊಳಗೆ ಅವನು ನನ್ನ ಮಗಳ ಶಾಲೆಯ ಗೇಟಿನ ಮುಂದೆ ನಿಂತಿದ್ದ. ಮುಖ್ಯೋಪಾಧ್ಯಾಯಿನಿ ಗಟ್ಟಿಗಿತ್ತಿ, ಮಗುವನ್ನು ಹೊರಗೆ ಬಿಡಲಿಲ್ಲ. ಅದೇ ರಾತ್ರಿ ಮನೆಗೆ ಬಂದು ಬಾಗಿಲು ಒದ್ದ. ಅಕ್ಕಪಕ್ಕದವರು ಸೇರಿದ್ದರಿಂದ ಜೀವ ಉಳಿಯಿತು. ಮನೆ ಮಾಲೀಕರು ಒಳ್ಳೆಯವರೇ. 'ಗಲಾಟೆ ಬೇಡಮ್ಮ, ಬೇರೆ ಮನೆ ನೋಡಿಕೊಳ್ಳಿ' ಎಂದರು. ಗಂಟುಮೂಟೆ ಕಟ್ಟಿಕೊಂಡು ಮತ್ತೆ ಹೊರಟೆವು. ಮಗಳಿಗೆ ಒಂದೇ ವರ್ಷದಲ್ಲಿ ಮೂರನೇ ಶಾಲೆ.

ಆಮೇಲೊಂದು ದಿನ ನಾನು ಆ ಕಚೇರಿಗೆ ಹೋಗಿ ಕೇಳಿದೆ, ಯಾಕೆ ಹೇಳಿದಿರಿ ಎಂದು. ಅಲ್ಲಿದ್ದವರು ಕೆಟ್ಟವರಾಗಿರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟರು. 'ಕೇಳಿದ್ದು ಗಂಡ ತಾನೇ ಅಮ್ಮ, ಹೊರಗಿನವರಲ್ಲವಲ್ಲ' ಎಂದರು.

ಆ ಮಾತು ಈ ಹೊತ್ತಿಗೂ ನನ್ನ ಕಿವಿಯಲ್ಲಿದೆ. ಅದು ಒಬ್ಬರ ತಪ್ಪಾಗಿದ್ದರೆ ನಾನು ಇವತ್ತು ಇಲ್ಲಿ ನಿಂತು ಹೇಳುತ್ತಿರಲಿಲ್ಲ. ನಮ್ಮ ದಾಖಲೆಗಳನ್ನು ಕಟ್ಟಿರುವುದೇ ಆ ನಂಬಿಕೆಯ ಮೇಲೆ. ಹೆಂಡತಿಯ ವಿವರ ಗಂಡನಿಗೆ ಗುಟ್ಟಲ್ಲ, ಮನೆ ಎಂದರೆ ಒಂದೇ, ಮನೆಯ ಒಳಗೆ ಭಯವಿಲ್ಲ. ಹೊಡೆಸಿಕೊಂಡ ಹೆಂಗಸಿಗೆ ಮಾತ್ರ ಗೊತ್ತು, ಭಯ ಇರುವುದು ಮನೆಯ ಒಳಗೇ.

ಈಗ ದಾಖಲೆಗಳು ಹೇಗೆ ಸೇರುತ್ತವೆ ಎಂಬುದನ್ನು ನೋಡೋಣ. ಹಿಂದೆ ಪ್ರತಿ ಇಲಾಖೆಗೂ ಬೇರೆ ಬೇರೆ ರಿಜಿಸ್ಟರ್ ಇರುತ್ತಿತ್ತು. ಪಡಿತರಕ್ಕೆ ಒಂದು, ಪಿಂಚಣಿಗೆ ಒಂದು, ವಿದ್ಯಾರ್ಥಿವೇತನಕ್ಕೆ ಒಂದು. ಈಗ ನಮ್ಮ ರಾಜ್ಯದಲ್ಲಿ 'ಕುಟುಂಬ' ಎಂಬ ವ್ಯವಸ್ಥೆ ಇದೆ. ಪಡಿತರ ಚೀಟಿ ಇರುವ ಮನೆಗೆ ಆ ಚೀಟಿಯ ನಂಬರೇ ಕುಟುಂಬದ ಗುರುತಿನ ಸಂಖ್ಯೆ. ಜಾತಿ, ಆದಾಯ ಪ್ರಮಾಣಪತ್ರ, ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನ ಹೀಗೆ ಬೇರೆ ಬೇರೆ ಇಲಾಖೆಗಳ ವಿವರವನ್ನು ಅದರ ಸುತ್ತ ಜೋಡಿಸುತ್ತಾರೆ. ರೈತರಿಗೆ 'ಫ್ರೂಟ್ಸ್' ಎಂಬ ಇನ್ನೊಂದು ನೋಂದಣಿ ಇದೆ. ಒಮ್ಮೆ ಕೊಟ್ಟ ವಿವರವನ್ನೇ ಮತ್ತೆ ಮತ್ತೆ ಬಳಸುವುದು ಇದರ ಉದ್ದೇಶ.

ಇದರಿಂದ ಲಾಭವಿಲ್ಲ ಎಂದು ನಾನು ಹೇಳುವುದಿಲ್ಲ. ಒಂದು ಪ್ರಮಾಣಪತ್ರಕ್ಕೆ ನಾಲ್ಕು ದಿನದ ಕೂಲಿ ಕಳೆದುಕೊಂಡು ನಾಡಕಚೇರಿಗೆ ಅಲೆದವರು ನಾವು. ಮಧ್ಯವರ್ತಿಯ ಕೈಗೆ ನೂರು ಇನ್ನೂರು ತುರುಕಿದವರು ನಾವು. ಒಂದು ಕಚೇರಿ ಇನ್ನೊಂದನ್ನು ಕೇಳಿ ತಿಳಿದುಕೊಂಡರೆ ನಮ್ಮ ಕಾಲು ಉಳಿಯುತ್ತದೆ. ವಿವರ ಹಂಚಿಕೊಳ್ಳಲೇಬಾರದು ಎಂಬುದು ನನ್ನ ವಾದವಲ್ಲ. ಸಂಘದ ಲೆಡ್ಜರಿಗೆ ಇರುವಂಥ ನಿಯಮ ಸರ್ಕಾರದ ಲೆಡ್ಜರಿಗೂ ಇರಲಿ ಎಂಬುದಷ್ಟೇ ನನ್ನ ಮಾತು.

ಅಳತೆಗೋಲು 'ಕುಟುಂಬ' ಆದಾಗ ಹೆಂಗಸಿಗೆ ಏನಾಗುತ್ತದೆ? 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಳ್ಳೆಯ ಕೆಲಸ ಮಾಡಿತು. ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಹಿರಿಯಳೇ ಪಡಿತರ ಚೀಟಿಯ ಯಜಮಾನಿ ಎಂದು ಹೇಳಿತು. ಅದು ಅಕ್ಕಿಗಾಗಿ ಮಾಡಿದ ನಿಯಮ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ಅದೇ ಚೀಟಿಯನ್ನು ನೋಡಿ ತಿಂಗಳಿಗೆ 2,000 ರೂಪಾಯಿ ಯಾರಿಗೆ ಎಂದು ತೀರ್ಮಾನಿಸಿದರು. ಅಕ್ಕಿಯ ಪಟ್ಟಿ ಹಣದ ಪಟ್ಟಿಯೂ ಆಯಿತು. ಲಕ್ಷಾಂತರ ಹೆಂಗಸರ ಕೈಗೆ ಸ್ವಂತ ದುಡ್ಡು ಬಂತು, ಅದನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಅತ್ತೆಯ ಚೀಟಿಯಲ್ಲಿ ಹೆಸರಿರುವ, ಅದೇ ಮನೆಯಲ್ಲಿ ಹೊಡೆಸಿಕೊಳ್ಳುತ್ತಿರುವ ಸೊಸೆ ಆ ಲೆಕ್ಕದಲ್ಲಿ ಇಲ್ಲ. ಅವಳ ಪಾಲನ್ನೂ ಕುಟುಂಬಕ್ಕೆ ಕೊಟ್ಟಾಯಿತು ಎಂದೇ ಕಂಪ್ಯೂಟರಿನ ತಿಳುವಳಿಕೆ.

ಅದೇ ಯೋಜನೆಯ ಇನ್ನೊಂದು ನಿಯಮ ನೋಡಿ. ಅರ್ಜಿ ಹಾಕುವವಳು ಅಥವಾ ಅವಳ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವವರಾಗಿದ್ದರೆ ಹಣವಿಲ್ಲ. ಇಲ್ಲಿ ತೆರಿಗೆ ಇಲಾಖೆಯ ವಿವರ ಮಹಿಳಾ ಇಲಾಖೆಯ ತೀರ್ಮಾನಕ್ಕೆ ಬಳಕೆಯಾಗುತ್ತದೆ. ಉಳ್ಳವರಿಗೆ ಹೋಗದಿರಲಿ ಎಂಬ ಉದ್ದೇಶ ಸರಿ. ಆದರೆ ಯೋಚಿಸಿ. ಗಂಡನಿಗೆ ಅಂಗಡಿಯಿದೆ, ಜಿಎಸ್‌ಟಿ ನಂಬರಿದೆ. ಹೆಂಡತಿಯನ್ನು ಹೊರಗೆ ಹಾಕಿ ಐದು ವರ್ಷವಾಗಿದೆ, ವಿಚ್ಛೇದನವಾಗಿಲ್ಲ, ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ತೆರಿಗೆ ಇಲಾಖೆಯ ಕಾಗದ ಸುಳ್ಳು ಹೇಳುತ್ತಿಲ್ಲ. ಅವನು ತೆರಿಗೆ ಕಟ್ಟುವುದು ನಿಜ, ಅವನು ಅವಳ ಗಂಡ ಎಂಬುದೂ ನಿಜ. ಎರಡು ನಿಜ ಸೇರಿಸಿದಾಗ ಅವಳಿಗೆ ಅನುಕೂಲವಿದೆ ಎಂಬ ಸುಳ್ಳು ಹುಟ್ಟಿತು. ಒಂದು ಕೆಲಸಕ್ಕೆ ಬರೆದದ್ದನ್ನು ಇನ್ನೊಂದು ಕೆಲಸಕ್ಕೆ ಎತ್ತಿಕೊಂಡರೆ ಆಗುವುದು ಹೀಗೆ.

ನೆರೆಯ ತೆಲಂಗಾಣದಲ್ಲಿ 'ಸಮಗ್ರ ವೇದಿಕೆ' ಎಂಬ ವ್ಯವಸ್ಥೆ ಇಲಾಖೆಗಳ ವಿವರಗಳನ್ನು ಜೋಡಿಸಿ, ಯಾರ ಹೆಸರಿನಲ್ಲಿ ವಾಹನವಿದೆ, ಆಸ್ತಿಯಿದೆ ಎಂದು ಹುಡುಕಿತು. ಒಂದೇ ಥರದ ಹೆಸರುಗಳು ಕಲಸಿಹೋಗಿ ಬಡವರು ಕಾರಿನ ಮಾಲೀಕರಾದ ಉದಾಹರಣೆಗಳು ಹೊರಬಂದವು. ಆ ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸುವಂತೆ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮೊದಲು ಕೇಳಿ ಆಮೇಲೆ ಕಡಿಯಬೇಕಿತ್ತು. ಕಡಿದ ಮೇಲೆ ಕೇಳಲು ಹೊರಟರು.

ಹಾಗಾದರೆ ಕಾನೂನು ಏನು ಹೇಳುತ್ತದೆ? ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಸರ್ಕಾರ ನಮ್ಮ ವಿವರಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನೇ ಮುಟ್ಟಬೇಕು ಎಂಬ ಅಳತೆ ಅಲ್ಲಿಂದ ಬಂತು. ನಮ್ಮ ಸಂಘದ ಮೂರು ಪ್ರಶ್ನೆಗಳಿಗೂ ಇದಕ್ಕೂ ಬಹಳ ದೂರವಿಲ್ಲ, ಗಮನಿಸಿ.

ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ಇಂಗ್ಲಿಷ್ ಪಠ್ಯದಲ್ಲಿ ಒಂದು ವಿಶೇಷವಿದೆ. ನಮ್ಮ ಕಾನೂನುಗಳು ಎಂದಿನಿಂದಲೂ 'ಅವನು' ಎಂದು ಬರೆದು ಅದರಲ್ಲೇ ಅವಳೂ ಸೇರಿದ್ದಾಳೆ ಎನ್ನುತ್ತಿದ್ದವು. ಈ ಕಾಯ್ದೆ ಎಲ್ಲ ಕಡೆ 'ಅವಳು' ಎಂದು ಬರೆದು ಅದರಲ್ಲೇ ಅವನೂ ಸೇರಿದ್ದಾನೆ ಎಂದಿತು. ಸಂತೋಷ. ಆದರೆ ಸರ್ವನಾಮ ಸಿಕ್ಕಿತೆಂದು ಹಕ್ಕು ಸಿಕ್ಕಂತಾಗುವುದಿಲ್ಲ. ಈ ಕಾಯ್ದೆಯ 7ನೇ ಕಲಮು, ಸಹಾಯಧನ, ಸವಲತ್ತು, ಪ್ರಮಾಣಪತ್ರ ಕೊಡುವ ಕೆಲಸಕ್ಕೆ, ಹಿಂದೆ ನೀವು ಬೇರೆ ಸವಲತ್ತಿಗೆಂದು ಒಪ್ಪಿ ಕೊಟ್ಟ ವಿವರವನ್ನು ಸರ್ಕಾರ ನಿಮ್ಮನ್ನು ಮತ್ತೆ ಕೇಳದೆ ಬಳಸಬಹುದು ಎನ್ನುತ್ತದೆ. ಅಧಿಸೂಚನೆ ಹೊರಡಿಸಿದರೆ ಸರ್ಕಾರದ ಬಳಿ ಇರುವ ರಿಜಿಸ್ಟರುಗಳಿಂದಲೂ ಎತ್ತಿಕೊಳ್ಳಬಹುದು. ಅಂದರೆ ಅಕ್ಕಿಗೆಂದು ಹಾಕಿದ ಒಂದು ಹೆಬ್ಬೆಟ್ಟು ಬಹಳ ಬಾಗಿಲು ತೆರೆಯಬಲ್ಲದು.

2025ರ ನವೆಂಬರಿನಲ್ಲಿ ಈ ಕಾಯ್ದೆಯ ನಿಯಮಗಳು ಪ್ರಕಟವಾದವು. ಹೀಗೆ ಸವಲತ್ತಿಗಾಗಿ ವಿವರ ಬಳಸುವ ಸರ್ಕಾರಿ ಸಂಸ್ಥೆ ಹೇಗೆ ನಡೆದುಕೊಳ್ಳಬೇಕು ಎಂದು ಅವುಗಳಲ್ಲೊಂದು ಅನುಸೂಚಿ ಇದೆ. ಬೇಕಾದಷ್ಟೇ ವಿವರ ಬಳಸಬೇಕು, ಅದು ಸರಿಯಿದೆಯೇ ಎಂದು ನೋಡಲು ಪ್ರಯತ್ನಿಸಬೇಕು, ಅಗತ್ಯವಿರುವವರೆಗೆ ಮಾತ್ರ ಇಟ್ಟುಕೊಳ್ಳಬೇಕು, ಭದ್ರವಾಗಿ ಕಾಯಬೇಕು, ಸಂಬಂಧಪಟ್ಟವಳಿಗೆ ತಿಳಿಸಬೇಕು, ಅವಳು ಪ್ರಶ್ನೆ ಕೇಳಿದರೆ ಉತ್ತರ ಕೊಡುವವರು ಯಾರೆಂದೂ ಹೇಳಬೇಕು. ಕಾಯ್ದೆಯ ಮುಖ್ಯ ಭಾಗಗಳಿಗೆ ನಿಯಮ ಪ್ರಕಟವಾದಾಗಿನಿಂದ 18 ತಿಂಗಳ ಗಡುವು ಇಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳು. ಓದಲು ಎಲ್ಲ ಚೆನ್ನಾಗಿದೆ. ಆದರೆ 'ಗಂಡನೂ ಹೊರಗಿನವನೇ' ಎಂಬ ಒಂದು ಸಾಲು ಅಲ್ಲಿಲ್ಲ. ಹಿಂಸೆಯಿಂದ ಓಡಿಬಂದವಳ ವಿಳಾಸವನ್ನು ಬೇರೆಯಾಗಿ ಕಾಯಬೇಕು ಎಂಬ ಮಾತೂ ಇಲ್ಲ.

ಅಂಥ ಮಾತನ್ನು ಕಾನೂನಿನಲ್ಲಿ ಬರೆಯಲು ಆಗುವುದೇ ಇಲ್ಲವೇ? ಆಗುತ್ತದೆ. ಮಹಿಳಾ ಚಳವಳಿ ಹೋರಾಡಿ ತಂದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನೇ ನೋಡಿ. ನೀವು ಸಂರಕ್ಷಣಾಧಿಕಾರಿಯ ಹತ್ತಿರ ಹೋದರೆ ಅವರು ಕೌಟುಂಬಿಕ ಘಟನಾ ವರದಿ ಬರೆಯುತ್ತಾರೆ. ಅದರಲ್ಲಿ ನಮ್ಮ ಬದುಕಿನ ಎಲ್ಲ ನೋವೂ ಇರುತ್ತದೆ. ಆ ವರದಿ ಯಾರಿಗೆ ಹೋಗಬೇಕೆಂದು ಕಾಯ್ದೆ ಹೆಸರಿಟ್ಟು ಹೇಳಿದೆ: ಮ್ಯಾಜಿಸ್ಟ್ರೇಟರಿಗೆ, ಆ ಸರಹದ್ದಿನ ಪೊಲೀಸ್ ಠಾಣೆಗೆ, ಅಲ್ಲಿನ ನೋಂದಾಯಿತ ಸೇವಾ ಸಂಸ್ಥೆಗೆ. ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲೂ ಅವಕಾಶವಿದೆ. ಆಶ್ರಯ ಮನೆಗೆ ಹೋದ ಹೆಂಗಸು ಬಯಸಿದರೆ, ಅವಳು ಅಲ್ಲಿದ್ದಾಳೆ ಎಂಬುದನ್ನು ಅವಳು ಯಾರ ವಿರುದ್ಧ ದೂರು ಕೊಟ್ಟಿದ್ದಾಳೋ ಅವನಿಗೆ ತಿಳಿಸಕೂಡದು ಎಂದು 2006ರ ನಿಯಮ ಹೇಳುತ್ತದೆ. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಎರಡೂ ಅಲ್ಲಿ ಸ್ಪಷ್ಟ. ಏಕೆಂದರೆ ಆ ನಿಯಮ ಬರೆದವರ ಕಣ್ಣ ಮುಂದೆ ಹೊಡೆಸಿಕೊಂಡ ಹೆಂಗಸಿದ್ದಳು. ಪಡಿತರದ ಕಂಪ್ಯೂಟರ್ ಕಟ್ಟಿದವರ ಕಣ್ಣ ಮುಂದೆ ಅವಳಿರಲಿಲ್ಲ.

ನನ್ನ ಎರಡನೇ ಮನೆಯ ವಿಳಾಸವನ್ನು ನಾನು ಸಂರಕ್ಷಣಾಧಿಕಾರಿಗೆ ಕೊಡುವಾಗ ಕೈ ನಡುಗುತ್ತಿತ್ತು. 'ಇದು ಯಾರ್‍ಯಾರ ಕೈಗೆ ಹೋಗುತ್ತದೆ ಮೇಡಂ?' ಎಂದು ಕೇಳಿದೆ. ಅವರು ಮೂರು ಬೆರಳು ಮಡಿಸಿ ಎಣಿಸಿ ಹೇಳಿದರು. ಸರ್ಕಾರದ ಕಚೇರಿಯಲ್ಲಿ ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅದೇ ಮೊದಲು.

ಇನ್ನೊಂದು ಕಡೆಯಿಂದಲೂ ಈ ವಿಷಯವನ್ನು ನೋಡಬೇಕು. ನಾವು ಗುಟ್ಟು ಬೇಡುವವರು ಮಾತ್ರವಲ್ಲ, ಮಾಹಿತಿ ಬೇಡುವವರೂ ಹೌದು. ಜೀವನಾಂಶದ ಕೇಸು ಹಾಕಿದವರಿಗೆ ಇದು ಗೊತ್ತು. ಗಂಡ ಕೋರ್ಟಿಗೆ ಬಂದು 'ನನಗೆ ಕೆಲಸವೇ ಇಲ್ಲ ಸ್ವಾಮಿ' ಎನ್ನುತ್ತಾನೆ. ಅವನ ಆದಾಯ ತೆರಿಗೆ ಇಲಾಖೆಗೆ ಗೊತ್ತು, ಬ್ಯಾಂಕಿಗೆ ಗೊತ್ತು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಗೊತ್ತು. ಹೆಂಡತಿಗೆ ಮಾತ್ರ ಗೊತ್ತಾಗುವುದಿಲ್ಲ. ಗೃಹಲಕ್ಷ್ಮಿಯ ಹಣ ಬೇಡ ಎನ್ನಲು ಅವನ ತೆರಿಗೆಯ ವಿವರ ತಾನಾಗಿ ಬರುತ್ತದೆ, ಅವಳಿಗೆ ಅನ್ನ ಕೊಡಿಸಲು ಬರುವುದಿಲ್ಲ!

2023ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಇಂಥದೊಂದು ಪ್ರಕರಣ ಬಂತು. ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳಿಗೆ ತಿಂಗಳಿಗೆ 10,000, ಮಗಳಿಗೆ 5,000 ರೂಪಾಯಿ ಕೊಡಬೇಕೆಂದು ಕುಟುಂಬ ನ್ಯಾಯಾಲಯ ಆದೇಶ ಮಾಡಿತ್ತು. ಆದರೆ ಗಂಡ ಎಲ್ಲಿದ್ದಾನೆಂದೇ ಗೊತ್ತಿಲ್ಲ. ಆಧಾರಿನಲ್ಲಿರುವ ಅವನ ವಿಳಾಸ ಕೊಡಿ ಎಂದು ಅವಳು ಮಾಹಿತಿ ಹಕ್ಕಿನಲ್ಲಿ ಕೇಳಿದಳು, ಸಿಗಲಿಲ್ಲ. ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನ ಇನ್ನೊಬ್ಬರ ಮುಂದೆ ಅಳಿಸಿಹೋಗುವುದಿಲ್ಲ ಎಂದಿತು. ಆಧಾರ್ ಕಾಯ್ದೆಯ 33ನೇ ಕಲಮಿನಂತೆ ಹೈಕೋರ್ಟ್ ನ್ಯಾಯಮೂರ್ತಿಯ ಆದೇಶ ಬೇಕು, ಆ ವ್ಯಕ್ತಿಯ ಮಾತನ್ನೂ ಕೇಳಬೇಕು ಎಂದು ಹೇಳಿ, ಗಂಡನನ್ನೂ ಕಕ್ಷಿದಾರನನ್ನಾಗಿ ಮಾಡಿ ಮತ್ತೆ ವಿಚಾರಿಸಲು ಕಳಿಸಿತು.

ಅದನ್ನು ಓದಿದಾಗ ನನಗೆ ಮೊದಲು ಸಿಟ್ಟೇ ಬಂತು. ಓಡಿಹೋದವನನ್ನು ಹುಡುಕಿ ಅವನ ಮಾತು ಕೇಳಬೇಕಂತೆ, ಅವನು ಎಲ್ಲಿದ್ದಾನೆ ಎಂಬುದೇ ಅವಳ ಪ್ರಶ್ನೆ! ಎರಡು ದಿನ ಅದೇ ಯೋಚನೆ. ಮೂರನೆಯ ದಿನ ನನ್ನ ಮಗಳ ಶಾಲೆಯ ಗೇಟು ನೆನಪಾಯಿತು. ಹೆಂಡತಿ ಅರ್ಜಿ ಕೊಟ್ಟ ಕೂಡಲೇ ಗಂಡನ ವಿಳಾಸ ಸಿಗುವಂತಿದ್ದರೆ, ಗಂಡ ಅರ್ಜಿ ಕೊಟ್ಟ ಕೂಡಲೇ ಹೆಂಡತಿಯ ವಿಳಾಸವೂ ಸಿಗುತ್ತಿತ್ತು. ಅವನನ್ನು ಬಚ್ಚಿಟ್ಟ ಅದೇ ಬಾಗಿಲು ನನ್ನನ್ನು ಕಾಯಬೇಕಾದ ಬಾಗಿಲು. ಅದನ್ನು ಒಡೆಯಿರಿ ಎಂದು ನಾನು ಹೇಳಲಾರೆ. ಬೀಗದ ಕೈ ನ್ಯಾಯಾಧೀಶರ ಹತ್ತಿರವಿರಲಿ, ಆದರೆ ಅವರ ಹತ್ತಿರ ಹೋಗುವ ದಾರಿ ಬಡ ಹೆಂಗಸಿಗೂ ಎಟುಕುವಂತಿರಲಿ. ಜೀವನಾಂಶದ ಆದೇಶ ಮಾಡಿದ ನ್ಯಾಯಾಲಯವೇ ವಿಳಾಸ ತರಿಸಿಕೊಂಡು, ಅದನ್ನು ಯಾರ ಕೈಗೂ ಕೊಡದೆ ತಾನೇ ನೋಟಿಸು ಕಳಿಸಲಿ. ಕೇಳಬೇಕಾದದ್ದು ಇದನ್ನು.

ಆದಾಯದ ವಿಷಯದಲ್ಲಿ ಒಂದಿಷ್ಟು ದಾರಿ ತೆರೆದಿದೆ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರತಿ ಪ್ರಕರಣದಲ್ಲೂ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು ಎಂದಿತು. ಅದೇ ತಿಂಗಳು ಕೇಂದ್ರ ಮಾಹಿತಿ ಆಯೋಗ ಒಂದು ಪ್ರಕರಣದಲ್ಲಿ ಗಂಡನ ಒಟ್ಟು ಆದಾಯ ಎಷ್ಟೆಂದು ಹೆಂಡತಿಗೆ ತಿಳಿಸಿ ಎಂದು ಆದಾಯ ತೆರಿಗೆ ಇಲಾಖೆಗೆ ಹೇಳಿತು. ವಕೀಲರ ಹತ್ತಿರ ಹೋದಾಗ ಆ ಪ್ರಮಾಣಪತ್ರದ ಬಗ್ಗೆ ಮರೆಯದೆ ಕೇಳಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಕೊಡಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ.

ಇಷ್ಟೆಲ್ಲ ವಿವರ ಕೇಳುವ ಕಾಲದಲ್ಲಿ ನಾವೇ ಬರೆದಿಡಬೇಕಾದ ಒಂದು ವಿವರ ಮಾತ್ರ ಯಾರ ಮನೆಯಲ್ಲೂ ಇರುವುದಿಲ್ಲ. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ. ಏನು ಕೊಟ್ಟರು, ಸುಮಾರು ಬೆಲೆಯೆಷ್ಟು, ಕೊಟ್ಟವರು ಯಾರು ಎಂದು ಬರೆದು ಹೆಣ್ಣು ಗಂಡು ಇಬ್ಬರೂ ಸಹಿ ಮಾಡಿದ ಪಟ್ಟಿ ಇರಬೇಕೆಂದು 1985ರಿಂದಲೇ ನಿಯಮವಿದೆ. ನಾನು ಮನೆ ಬಿಟ್ಟಾಗ ನನ್ನ ಒಡವೆಗೆ ಒಂದು ಚೀಟಿಯೂ ಇರಲಿಲ್ಲ.

ನಾವು ಏನು ಮಾಡಬಹುದು? ನನ್ನ ಅನುಭವದಿಂದ ಕೆಲವು ಮಾತು ಹೇಳುತ್ತೇನೆ.

ಮೊದಲು ಮೊಬೈಲ್. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ ಇವುಗಳಿಗೆ ಯಾರ ನಂಬರು ಸೇರಿದೆ ಎಂದು ಈ ವಾರವೇ ನೋಡಿಕೊಳ್ಳಿ. ಗಂಡನದೋ ಮಗನದೋ ಆಗಿದ್ದರೆ ನಿಮ್ಮದನ್ನು ಹಾಕಿಸಿ. ಜಗಳವಾದ ಮೇಲೆ ಬದಲಾಯಿಸುವುದು ಕಷ್ಟ, ನೆಮ್ಮದಿಯ ದಿನದಲ್ಲೇ ಮಾಡಿ. ಮನೆ ಬಿಡಬೇಕಾಗಿ ಬಂದ ಹೆಂಗಸು ಮೊದಲು ನಂಬರು ಬದಲಿಸಲಿ, ಆಮೇಲೆ ಬೇರೆ ಅರ್ಜಿ ಹಾಕಲಿ. ನಾನು ಈ ಕ್ರಮ ತಪ್ಪಿಸಿ ಪೆಟ್ಟು ತಿಂದೆ.

ಎರಡನೆಯದು, ಬರವಣಿಗೆ. ಹೊಸ ವಿಳಾಸ ಕೊಡುವಾಗ 'ನನ್ನ ಜೀವಕ್ಕೆ ಅಪಾಯವಿದೆ, ಕೌಟುಂಬಿಕ ದೌರ್ಜನ್ಯದ ದೂರು ಕೊಟ್ಟಿದ್ದೇನೆ, ಈ ವಿಳಾಸವನ್ನು ಗಂಡನಿಗಾಗಲೀ ಅವನ ಮನೆಯವರಿಗಾಗಲೀ ತಿಳಿಸಬಾರದು' ಎಂದು ಅರ್ಜಿಯಲ್ಲೇ ಬರೆಯಿರಿ. ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತು ಮರೆತುಹೋಗುತ್ತದೆ, ಕಾಗದ ಉಳಿಯುತ್ತದೆ.

ಮೂರನೆಯದು, ಕಾರಣ ಕೇಳುವುದು. ಹೆಸರು ಕಡಿದರೆ, ಹಣ ನಿಂತರೆ, 'ಕಂಪ್ಯೂಟರಿನಲ್ಲಿ ಹಾಗೆ ಬರುತ್ತಿದೆ' ಎಂಬುದನ್ನು ಉತ್ತರವೆಂದು ಒಪ್ಪಬೇಡಿ. ಯಾವ ಇಲಾಖೆಯ ಯಾವ ವಿವರದಿಂದ ನಿಂತಿತು ಎಂದು ಬರೆದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 10 ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮದೇ ವಿವರ ಕೇಳಲು ಹಿಂಜರಿಯಬೇಕಾಗಿಲ್ಲ.

ನಾಲ್ಕನೆಯದು ನಮ್ಮ ಸಂಘಗಳಿಗೇ ಹೇಳುವ ಮಾತು. ಸದಸ್ಯೆಯರ ಆಧಾರ್ ಪ್ರತಿ, ಫೋಟೊ, ಬ್ಯಾಂಕ್ ವಿವರಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ನಾನೇ ನೋಡಿದ್ದೇನೆ. ಆ ಗುಂಪಿನಲ್ಲಿ ಯಾರ ಗಂಡಂದಿರ ಮೊಬೈಲುಗಳಿವೆ, ಯೋಚಿಸಿ. ಸರ್ಕಾರವನ್ನು ಕೇಳುವ ಮೊದಲು ನಮ್ಮ ಪೆಟ್ಟಿಗೆಗೆ ಬೀಗವಿದೆಯೇ ಎಂದು ನೋಡಿಕೊಳ್ಳೋಣ.

ಇವು ಒಬ್ಬೊಬ್ಬರು ಮಾಡುವ ಕೆಲಸ. ಒಟ್ಟಾಗಿ ಕೇಳಬೇಕಾದದ್ದೂ ಇದೆ. ನಮ್ಮ ವಿವರ ಯಾವ ಯಾವ ಇಲಾಖೆಗೆ ಹೋಗುತ್ತದೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಹಚ್ಚಲಿ. ಬೇರೆ ಇಲಾಖೆಯ ವಿವರ ನೋಡಿ ಸವಲತ್ತು ನಿಲ್ಲಿಸುವ ಮೊದಲು ಮನೆಗೆ ಬಂದು ಕೇಳಲಿ. ಗಂಡನಿಂದ ಬೇರೆಯಾಗಿ ಬದುಕುತ್ತಿರುವವಳನ್ನು, ವಿಚ್ಛೇದನದ ಕಾಗದ ಇಲ್ಲದಿದ್ದರೂ, ಸಂರಕ್ಷಣಾಧಿಕಾರಿಯ ವರದಿಯ ಆಧಾರದ ಮೇಲೆ ಬೇರೆ ಕುಟುಂಬವೆಂದು ಲೆಕ್ಕಕ್ಕೆ ಹಿಡಿಯಲಿ. ದೌರ್ಜನ್ಯದ ದೂರು ಕೊಟ್ಟವಳ ವಿಳಾಸವನ್ನು ಕೌಂಟರಿನಲ್ಲಿ ಕೂತವರು ತೆರೆದು ನೋಡಲಾಗದಂತೆ ಮುಚ್ಚಿಡಲಿ, ಯಾರು ಯಾವಾಗ ನೋಡಿದರು ಎಂಬುದು ದಾಖಲಾಗಲಿ. ಗ್ರಾಮಸಭೆಯಲ್ಲಿ ಇವನ್ನು ಎತ್ತಿ. ಹತ್ತು ಸಂಘಗಳು ಒಂದೇ ಮಾತು ಹೇಳಿದರೆ ಅದು ನಡಾವಳಿಗೆ ಬರಲೇಬೇಕು.

ನನ್ನ ಮಗಳಿಗೆ ಈಗ ಹದಿನೇಳು ತುಂಬಿದೆ. ಕಾಲೇಜಿನ ಅರ್ಜಿ ತುಂಬಿಸುವಾಗ 'ಖಾಯಂ ವಿಳಾಸ' ಎಂಬ ಜಾಗ ಬಂದರೆ ಅವಳು ಇವತ್ತಿಗೂ ಪೆನ್ನು ಎತ್ತಿ ನನ್ನ ಮುಖ ನೋಡುತ್ತಾಳೆ. 'ಬರೆಯಲಾ ಅಮ್ಮಾ?' ಎಂದು ಕೇಳುತ್ತಾಳೆ. ಯೋಚಿಸದೆ 'ಬರಿ ಮಗಳೇ' ಎನ್ನಲು ನನಗೆ ಇನ್ನೂ ಆಗಿಲ್ಲ.

ಮುಂದಿನ ವಾರ ನಿಮ್ಮ ನಿಮ್ಮ ಸಂಘಗಳು ಸೇರಿದಾಗ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಕೂತು ಇದನ್ನು ಚರ್ಚಿಸಿ. ಪ್ರತಿಯೊಬ್ಬರ ಚೀಟಿಗೆ ಯಾರ ನಂಬರು ಸೇರಿದೆ ಎಂದು ಕೇಳಿ. ಏನು ತೀರ್ಮಾನವಾಯಿತೋ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.